ಬಾರದವರ ಲೆಕ್ಕ

ಅರಗಾತ್ಸ್ ಬೆಟ್ಟದ ಸೊಂಟದ ಮೇಲೆ ಇದು ಕತ್ತಲೆಯ ಎರಡನೆಯ ಚಳಿಗಾಲ.
ಕರೆಂಟು ದಿನಕ್ಕೊಂದು ಗಂಟೆ, ಅದೂ ಅದಕ್ಕೆ ಮನಸ್ಸು ಬಂದರೆ.
ದೂರದರ್ಶಕದ ಗುಮ್ಮಟ ಹಿಮ ಹೊದ್ದು ಬಾಯಿ ಬಿಗಿದು ಕೂತಿದೆ.
ನಮ್ಮ ಪಾಲಿಗೆ ಉಳಿದದ್ದು ಗಾಜಿನ ಫಲಕಗಳು,
ಹದಿನೇಳು ವರ್ಷದ ಆಕಾಶ,
ಕಪಾಟಿನಲ್ಲಿ ನಿಂತಲ್ಲೇ ನಿದ್ದೆ.

ಒಂದೊಂದನ್ನೇ ಕಿಟಕಿಯ ಹಗಲಿಗೆ ಹಿಡಿಯುತ್ತೇನೆ.
ಅಲ್ಲಿ ಇರುಳು ಬೆಳ್ಳಗೆ, ಚುಕ್ಕಿ ಕಪ್ಪು,
ಎಳ್ಳು ಚೆಲ್ಲಿದ ಹಾಗೆ.
ಅದರಲ್ಲೊಂದು ಎಳ್ಳು ಎಳ್ಳಲ್ಲ:
ಕ್ವೇಸಾರ್.
ಒಂದಿಡೀ ಗೆಲಾಕ್ಸಿಯನ್ನು ನಾಚಿಸಿ ಉರಿದ ಒಲೆ,
ಭೂಮಿ ಎಂಬುದು ಇಲ್ಲದಾಗ ಹೊರಟ ಬೆಳಕು.

ಫಲಕಕ್ಕೊಂದು ಹೊಸ್ತಿಲಿದೆ.
ಅದಕ್ಕಿಂತ ಮಂಕಾದದ್ದು ದಾಟಿ ಬರಲಾರದು.
ಹತ್ತಿರವಿದ್ದರೆ ಬಡ ದೀಪವೂ ಕಾಣುತ್ತದೆ,
ದೂರ ಹೋದಂತೆ ಸಿರಿವಂತರು ಮಾತ್ರ.
ಹೊಸಬರು ಪಟ್ಟಿ ನೋಡಿ ಕುಣಿಯುತ್ತಾರೆ:
‘ಅಬ್ಬಾ, ಆ ಕಾಲದಲ್ಲಿ ಎಲ್ಲರೂ ದೊಡ್ಡವರೇ!’
ಅಜ್ಜಂದಿರ ಬಗ್ಗೆಯೂ ನಾವು ಹೀಗೇ ಹೇಳುವುದು.

ವಾರ್ದಿತೇರ್ ಮೇಡಂ ಕಲಿಸಿದ್ದು ಒಂದೇ ಪಾಠ.
ಕಂಡದ್ದನ್ನು ಎಣಿಸಬೇಡ,
ಕಾಣಲು ಅದಕ್ಕೆಷ್ಟು ಅವಕಾಶವಿತ್ತು, ಅದನ್ನು ಎಣಿಸು.
ಪ್ರತಿ ದೀಪವನ್ನೂ ಮನಸ್ಸಿನಲ್ಲೇ ಹಿಂದಕ್ಕೆ ತಳ್ಳು,
ಇನ್ನೂ ಹಿಂದಕ್ಕೆ,
ಹೊಸ್ತಿಲಲ್ಲಿ ಆರುವ ತನಕ.
ಬಹುದೂರ ತಾಳಿತೆ? ಹಾಗಾದರೆ ಅದು ಒಂದೇ.
ಎರಡು ಹೆಜ್ಜೆಗೇ ಆರಿತೆ?
ಅದರ ಬೆನ್ನ ಹಿಂದೆ ಗುಂಪೇ ಇದೆ, ನಮಗೆ ಕಾಣದ್ದು.
‘ಇದು ದಯೆಯಲ್ಲ ಹುಡುಗಿ, ಬರೀ ಭಾಗಾಕಾರ’
ಎನ್ನುತ್ತಿದ್ದರು, ಕೈಗವಸಿನ ತೂತಿನಿಂದ ಪೆನ್ಸಿಲ್ ತೂರಿಸಿ.

ಜನವರಿಯಲ್ಲಿ ಸೆರೋಬ್ ಬಂದ, ಬ್ರೆಡ್ ಕೂಪನ್ನಿನ ಗುಮಾಸ್ತ,
ಮೀಸೆಯಲ್ಲಿ ಮಂಜುಗಡ್ಡೆ, ಕಂಕುಳಲ್ಲಿ ದಫ್ತರ.
‘ನೀವು ಚುಕ್ಕಿ ಎಣಿಸುವವರು, ಇದನ್ನಿಷ್ಟು ಕೂಡಿಸಿಕೊಡಿ.
ಕೊಳ್ಳದಾಚೆಯ ಹಳ್ಳಿಗೆ ಕಡಿಮೆ ಮಾಡಬಹುದು.
ಸಾಲಿಗೆ ಬರುವವರು ಹದಿಮೂರೇ ಜನ,
ಒಬ್ಬೊಬ್ಬನೂ ಗಟ್ಟಿಮುಟ್ಟು.’

ಬೆರಳಿಟ್ಟುಕೊಂಡು ಪುಟ ಇಳಿದೆ.
ಅಂಗಡಿ ಪಕ್ಕದ ಓಣಿಯಿಂದ
ಕುಂಟರು, ಕೆಮ್ಮುವವರು, ತುಂಬು ಬಸುರಿ, ಎಂಬತ್ತು ದಾಟಿದವರು.
ಮೂರು ಕಿಲೋಮೀಟರಿನಿಂದ ನಡುವಯಸ್ಸಿನವರು.
ಕೊಳ್ಳದಾಚೆಯಿಂದ ಕುರಿಗಾಹಿಗಳು, ಕುಸ್ತಿ ಹುಡುಗರು.
ಆ ಊರಿಗೆ ಮುಪ್ಪೇ ಬರುವುದಿಲ್ಲವೇನೋ!
ನಕ್ಕೆ. ನಗು ಅರ್ಧಕ್ಕೇ ನಿಂತಿತು.
ಈ ಪುಟ ನಾನು ಹಗಲೆಲ್ಲ ನೋಡುವ ಪುಟವೇ.

‘ಅರೆಗ್ನಾಜ್ ಅಜ್ಜಿ ಎಷ್ಟು ದೂರ ನಡೆದಾಳು, ಈ ಹಿಮದಲ್ಲಿ?’
‘ಮುನ್ನೂರು ಹೆಜ್ಜೆ, ಊರುಗೋಲು ಜಾರದಿದ್ದರೆ.’
‘ಮತ್ತೆ ಈ ಕೆಮ್ಮಿನವನು?’
ಸೆರೋಬ್‌ಗೆ ಎಲ್ಲರ ಕಾಲೂ ಗೊತ್ತು.
ಸೀಮೆಎಣ್ಣೆ ತೀರುವ ತನಕ ಕೂತು
ಒಬ್ಬೊಬ್ಬರನ್ನೇ ಹಿಂದಕ್ಕೆ ತಳ್ಳಿದೆವು.
ಕೊಳ್ಳದಾಚೆಗೆ ಅರವತ್ತೊಂದು,
ಒಂಬತ್ತು ಹೆಚ್ಚುಕಮ್ಮಿ.

‘ಹೆಸರು?’
‘ಹೆಸರಿಲ್ಲ.’
‘ಹೆಸರಿಲ್ಲದೆ ಕೂಪನ್ನಿಲ್ಲ.’
ಸಾಲಿಗಿಲ್ಲದವರು, ಲೆಕ್ಕಕ್ಕೆ ಮಾತ್ರ ಇರುವವರು.
ತುಂಬ ಹೊತ್ತು ಸುಮ್ಮನಿದ್ದ.
ಆಮೇಲೆ ಹೆಪ್ಪುಗಟ್ಟಿದ ಮಸಿಗೆ ಬಾಯುಸಿರು ಊದಿ,
ಹದಿಮೂರು ಹೆಸರಿನ ಕೆಳಗೆ ಶುರುಮಾಡಿದ:
ಅರೆಗ್ನಾಜ್.
ಅರೆಗ್ನಾಜ್.
ಅರೆಗ್ನಾಜ್.
ನಲವತ್ತೆಂಟು ಸಲ,
ಒಂದಕ್ಕೂ ಗೀಟು ಹಾಕಿ ‘ಅದೇ’ ಎನ್ನದೆ.

ಒಂದು ಮಾತು ಅವನಿಗೆ ಹೇಳಲಿಲ್ಲ.
ಹತ್ತಿರದ ಮುಪ್ಪು, ದೂರದ ಮುಪ್ಪು ಎರಡೂ ಒಂದೇ ಅಳತೆ
ಎಂದು ನಂಬಿ ಮಾಡಿದ ಲೆಕ್ಕ ಅದು.
ಕ್ವೇಸಾರ್ ವಿಷಯದಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ.

ಆ ರಾತ್ರಿ ಕೆಳಗೆ ಯೆರೆವಾನ್ ಇರಲೇ ಇಲ್ಲ.
ದೀಪವಿಲ್ಲದ ಬಯಲಿನ ಮೇಲೆ
ಆಕಾಶದ ಹೊಸ್ತಿಲು ಒಂದಿಷ್ಟು ತಗ್ಗಿತ್ತು;
ಎಂದೂ ಕಾಣದ ಮಂಕು ಚುಕ್ಕಿಗಳು,
ನೋಡಲು ಯಂತ್ರಕ್ಕೆ ಕರೆಂಟಿಲ್ಲ.

ಜಾರುಬಂಡಿ ಹೋಗಿ ಮೂರನೆಯ ದಿನ ಹಿಂತಿರುಗಿತು.
ಅರವತ್ತೊಂದರಲ್ಲಿ ಮೂರು ಬ್ರೆಡ್ಡು ವಾಪಸ್ಸು.
ಒಂಬತ್ತರ ಒಳಗೇ ಇದೆ, ಎಂದಿತು ಗಣಿತ.
ಕಲ್ಲಿನಂತಾಗಿದ್ದ ಆ ಮೂರನ್ನು
ಸೆರೋಬ್ ಮೇಜಿನ ಮೇಲಿಟ್ಟು ಹೋದ.
ನನ್ನ ಲೆಕ್ಕ ತಪ್ಪಿತೋ,
ನಾವು ತಲುಪಿದ್ದು ತಡವಾಯಿತೋ,
ಅವನು ಹೇಳಲಿಲ್ಲ.